ಹಣ್ಣಿನ ನೊಣದ ಗಡಿಯಾರ

ಅಡುಗೆಮನೆಯ ಮೂಲೆಯಲ್ಲಿ ಹೆಚ್ಚು ಮಾಗಿದ ಬಾಳೆಹಣ್ಣೋ ಪೇರಳೆಯೋ ಎರಡು ದಿನ ಉಳಿದರೆ ಸಾಕು, ಎಲ್ಲಿಂದಲೋ ಪುಟ್ಟ ಪುಟ್ಟ ನೊಣಗಳು ಬಂದು ಅದರ ಸುತ್ತ ಹಾರಾಡತೊಡಗುತ್ತವೆ. ಎಳ್ಳುಕಾಳಿನಷ್ಟು ಗಾತ್ರ, ಕೆಂಪು ಕಣ್ಣು. ಕೈ ಬೀಸಿ ಓಡಿಸುತ್ತೇವೆ, ಅಷ್ಟರಲ್ಲಿ ಮತ್ತೆ ಹಾಜರ್! ನಾವು ಕಸಕ್ಕಿಂತ ಕಡೆಯಾಗಿ ಕಾಣುವ ಈ ಜೀವಿಯನ್ನು ವಿಜ್ಞಾನಿಗಳು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಬಾಟಲಿಗಳಲ್ಲಿ ಸಾಕುತ್ತಿದ್ದಾರೆ. ಅವರು ಇಟ್ಟ ಹೆಸರು ಡ್ರಾಸೊಫಿಲಾ. ಇಬ್ಬನಿಯನ್ನು ಪ್ರೀತಿಸುವುದು ಎಂದು ಅದರ ಅರ್ಥ.

ಹೆಸರಿಗೆ ತಕ್ಕ ಸ್ವಭಾವವೂ ಇದೆ. ಈ ನೊಣ ಕೋಶದಿಂದ ಹೊರಬರುವುದು ಹೆಚ್ಚಾಗಿ ನಸುಕಿನ ವೇಳೆಯಲ್ಲಿ. ಆಗ ಗಾಳಿಯಲ್ಲಿ ತೇವವಿರುತ್ತದೆ. ಹೊಸದಾಗಿ ಹೊರಬಂದ ನೊಣದ ರೆಕ್ಕೆ ಒದ್ದೆ ಬಟ್ಟೆಯಂತೆ ಮಡಿಚಿಕೊಂಡಿರುತ್ತದೆ, ಮೈ ಮೆತ್ತಗಿರುತ್ತದೆ. ಒಣ ಬಿಸಿಲಿನಲ್ಲಿ ಹೊರಬಂದರೆ ರೆಕ್ಕೆ ಬಿಡಿಸಿಕೊಳ್ಳುವ ಮೊದಲೇ ಮೈ ಒಣಗಿಹೋದೀತು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ಕಡೆ ಹೊಲದ ಕೆಲಸದವರು ನಸುಕಿನಲ್ಲೇ ಹೊರಟು ಬಿಸಿಲೇರುವ ಮೊದಲು ಮರದ ನೆರಳು ಹುಡುಕುವುದಿಲ್ಲವೇ? ಅಂತಹದ್ದೇ ಲೆಕ್ಕಾಚಾರ. ಆದರೆ ಕೋಶದೊಳಗೆ ಮುಚ್ಚಿಕೊಂಡು ಬಿದ್ದಿರುವ ಮರಿಗೆ ಹೊರಗೆ ನಸುಕಾಯಿತೆಂದು ತಿಳಿಸುವವರಾರು? ಬೆಳಕು ಎಂದೀರಿ. ಅದೂ ಅಲ್ಲ. ಪೂರ್ತಿ ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೂ ಅವು ದಿನಗಟ್ಟಲೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೊರಬರುತ್ತವೆ. ಅಂದರೆ ಗಡಿಯಾರ ಹೊರಗಿಲ್ಲ, ಒಳಗಿದೆ.

ಈ ಮಾತನ್ನು ನಮ್ಮ ಬೆಂಗಳೂರಿನಲ್ಲೇ ಬಹಳ ಕಠಿಣವಾಗಿ ಪರೀಕ್ಷಿಸಲಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣಿನ ನೊಣಗಳ ಕೆಲವು ಸಂತತಿಗಳನ್ನು ಸದಾ ಬೆಳಕಿನಲ್ಲೇ ಸಾಕಲಾಗುತ್ತಿತ್ತು. ಅವುಗಳಿಗೆ ರಾತ್ರಿಯೇ ಇಲ್ಲ. ಅವುಗಳ ತಾಯಿಗೂ ಇರಲಿಲ್ಲ, ಅಜ್ಜಿಗೂ ಇರಲಿಲ್ಲ. ಹೀಗೆ 600ಕ್ಕೂ ಹೆಚ್ಚು ತಲೆಮಾರು ಕಳೆದವು. ಮನುಷ್ಯರ ಲೆಕ್ಕದಲ್ಲಿ ಒಂದು ತಲೆಮಾರಿಗೆ 25 ವರ್ಷವೆಂದರೂ 15 ಸಾವಿರ ವರ್ಷಗಳಾದವು! ಉಪಯೋಗವಿಲ್ಲದ ಗಡಿಯಾರ ಇಷ್ಟು ಹೊತ್ತಿಗೆ ತುಕ್ಕು ಹಿಡಿದಿರಬೇಕಲ್ಲವೇ? ಶೀಬಾ ವಾಸು, ವಿಜಯ್ ಕುಮಾರ್ ಶರ್ಮ, ಎಂ.ಕೆ. ಚಂದ್ರಶೇಖರನ್ ಮತ್ತು ಅಮಿತಾಭ್ ಜೋಶಿಯವರು ಆ ನೊಣಗಳನ್ನು ಕತ್ತಲೆಗೆ ತಂದು ನೋಡಿದರು. ಗಡಿಯಾರ ನಡೆಯುತ್ತಲೇ ಇತ್ತು. ಮರಿಗಳು ದಿನಕ್ಕೊಮ್ಮೆ ಎಂಬ ಲಯದಲ್ಲೇ ಕೋಶದಿಂದ ಹೊರಬಂದವು. 1999ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ಕೇಂದ್ರದಲ್ಲಿ ಮುಂದೆ ಶರ್ಮ ಅವರ ತಂಡ ಇನ್ನೊಂದು ಕೆಲಸ ಮಾಡಿತು. ನಸುಕಿಗೆ ಹೊರಬರುವ ನೊಣಗಳ ಮರಿಗಳನ್ನೇ ಒಂದು ಕಡೆ, ಸಂಜೆಗೆ ಹೊರಬರುವವುಗಳ ಮರಿಗಳನ್ನೇ ಇನ್ನೊಂದು ಕಡೆ ಆರಿಸುತ್ತಾ ಹತ್ತಾರು ತಲೆಮಾರು ಸಾಕಿತು. ಕೊನೆಗೆ ಬೇಗ ಏಳುವ ವಂಶ, ತಡವಾಗಿ ಏಳುವ ವಂಶ ಎಂದು ಎರಡಾದವು. ಮೊದಲನೆಯದರ ಒಳಗಡಿಯಾರ ಸ್ವಲ್ಪ ವೇಗ, ಎರಡನೆಯದರದ್ದು ಸ್ವಲ್ಪ ನಿಧಾನ.

ವಂಶಪಾರಂಪರ್ಯವಾಗಿ ಬರುತ್ತದೆಂದರೆ ಅದು ವಂಶವಾಹಿಯಲ್ಲಿ, ಅಂದರೆ ಜೀನ್‌ನಲ್ಲಿ ಬರೆದಿರಬೇಕು. ಆ ಜೀನ್ ಯಾವುದು?

ಇದನ್ನು ಮೊದಲು ಹಿಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ವಿಜ್ಞಾನಿ ಸೆಮೋರ್ ಬೆಂಝರ್ ಮತ್ತು ಅವರ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕ. ರಾಸಾಯನಿಕದಿಂದ ನೊಣಗಳ ಜೀನ್‌ಗಳನ್ನು ಅಲ್ಲಲ್ಲಿ ಕೆಡಿಸಿ, ಯಾವ ನೊಣದ ಮಕ್ಕಳು ಹೊತ್ತಲ್ಲದ ಹೊತ್ತಿನಲ್ಲಿ ಹೊರಬರುತ್ತವೆಂದು ಕೊನೊಪ್ಕ ಕಾದು ನೋಡಿದರು. ಮೂರು ಬಗೆ ಸಿಕ್ಕವು. ಒಂದಕ್ಕೆ ದಿನವೆಂದರೆ 19 ತಾಸು. ಇನ್ನೊಂದಕ್ಕೆ 28 ತಾಸು. ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ! ವಿಚಿತ್ರವೆಂದರೆ ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನ್. 1971ರಲ್ಲಿ ಇದನ್ನು ಪ್ರಕಟಿಸಿ ಅದಕ್ಕೆ ಪಿರಿಯಡ್ ಎಂದು ಹೆಸರಿಟ್ಟರು. ನಿದ್ದೆ-ಎಚ್ಚರದಂತಹ ವರ್ತನೆಯನ್ನು ಒಂದೇ ಜೀನ್ ಬದಲಿಸುವುದು ಸಾಧ್ಯವೇ ಇಲ್ಲವೆಂದು ಅದೇ ಸಂಸ್ಥೆಯ ನೊಬೆಲ್ ವಿಜೇತ ಮ್ಯಾಕ್ಸ್ ಡೆಲ್‌ಬ್ರೂಕ್ ವಾದಿಸಿದ್ದರು. ದೊಡ್ಡವರು ಹೇಳಿದ್ದೆಲ್ಲ ಸರಿಯಾಗಿರಬೇಕೆಂದೇನೂ ಇಲ್ಲ, ನೊಣ ತನ್ನ ಪಾಡಿಗೆ ತನ್ನ ಸಾಕ್ಷ್ಯ ಹೇಳಿತು.

ಅದೇ ಬೆಂಝರ್ ಅವರ ಜೊತೆ 1970ರ ದಶಕದಲ್ಲಿ ನೊಣಗಳ ಮೇಲೆ ಕೆಲಸ ಮಾಡಿದವರಲ್ಲಿ ನಮ್ಮವರೊಬ್ಬರಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರು ಉಬೈದ್ ಸಿದ್ದೀಖಿ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿ, ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದಲ್ಲಿ ಕಲಿತವರು. ಬಿಸಿಯಾದೊಡನೆ ಪಾರ್ಶ್ವವಾಯು ಬಡಿದಂತೆ ಬಿದ್ದು, ತಂಪಾದೊಡನೆ ಎದ್ದು ನಡೆಯುವ ನೊಣಗಳನ್ನು ಅವರು ಬೆಂಝರ್ ಜೊತೆ ಅಧ್ಯಯನ ಮಾಡಿದರು. ನರಗಳಲ್ಲಿ ಸಂದೇಶ ಹೇಗೆ ಹರಿಯುತ್ತದೆಂದು ತಿಳಿಯಲು ಅದು ದಾರಿ ತೋರಿಸಿತು. ಮುಂಬೈಯ ಟಾಟಾ ಸಂಸ್ಥೆಯಲ್ಲಿದ್ದುಕೊಂಡು ನೊಣದ ವಾಸನೆ ಮತ್ತು ರುಚಿಯ ಜೀನ್‌ಗಳನ್ನು ಹುಡುಕಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಅವರೇ. 2006ರಲ್ಲಿ ಪದ್ಮವಿಭೂಷಣ ಬಂತು. 2013ರಲ್ಲಿ ಬೆಂಗಳೂರಿನಲ್ಲಿ ರಸ್ತೆ ಅಪಘಾತಕ್ಕೀಡಾಗಿ ತೀರಿಕೊಂಡರು. ನಮ್ಮ ಮನೆಗಳ ಮಕ್ಕಳಿಗೆ ಸಿನಿಮಾ ನಟರ, ಕ್ರಿಕೆಟಿಗರ ಹೆಸರು ಬಾಯಿಪಾಠ. ಈ ಹೆಸರನ್ನು ಎಷ್ಟು ಮಕ್ಕಳು ಕೇಳಿದ್ದಾರೆ?

ಇರಲಿ, ಗಡಿಯಾರಕ್ಕೆ ಬರೋಣ. ಜೀನ್ ಎಂದರೆ ಕಪಾಟಿನಲ್ಲಿ ಬೀಗ ಹಾಕಿಟ್ಟ ಅಡುಗೆ ಪುಸ್ತಕದ ಒಂದು ಪುಟ ಎಂದುಕೊಳ್ಳಿ. ಪುಸ್ತಕ ಕಪಾಟಿನಿಂದ ಹೊರಗೆ ಬರುವಂತಿಲ್ಲ. ಬೇಕಾದಾಗ ಆ ಪುಟವನ್ನು ಚೀಟಿಯಲ್ಲಿ ನಕಲು ಮಾಡಿಕೊಂಡು ಅಡುಗೆಮನೆಗೆ ಒಯ್ಯಲಾಗುತ್ತದೆ. ಚೀಟಿ ನೋಡಿ ತಯಾರಾಗುವ ಪದಾರ್ಥವೇ ಪ್ರೊಟೀನು. ನಮ್ಮ ಬಹುತೇಕ ಜೀವಕೋಶಗಳಲ್ಲೂ ಇಡೀ ಪುಸ್ತಕವಿದೆ. ಆದರೆ ಎಲ್ಲ ಪುಟಗಳೂ ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ. ಯಾವ ಪುಟ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದರಲ್ಲೇ ಎಲ್ಲವೂ ಇದೆ.

ನೊಣದ ದೇಹದಲ್ಲಿ ಕ್ಲಾಕ್ ಮತ್ತು ಸೈಕಲ್ ಎಂಬ ಎರಡು ಪ್ರೊಟೀನುಗಳು ಜೊತೆಯಾಗಿ ಪಿರಿಯಡ್ ಜೀನ್‌ನ ಪುಟ ತೆರೆಯುತ್ತವೆ. ಟೈಮ್‌ಲೆಸ್ ಎಂಬ ಇನ್ನೊಂದು ಪುಟವನ್ನೂ ತೆರೆಯುತ್ತವೆ. ಚೀಟಿಗಳು ಹೊರಬಂದು, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅತ್ಯಂತ ಹೆಚ್ಚಾಗಿರುತ್ತವೆ. ಆದರೆ ಪ್ರೊಟೀನು ಕೂಡಲೇ ತುಂಬಿಕೊಳ್ಳುವುದಿಲ್ಲ. ಡಬಲ್‌ಟೈಮ್ ಎಂಬ ಮತ್ತೊಬ್ಬ ಕೆಲಸಗಾರ, ತಯಾರಾದ ಪಿರಿಯಡ್ ಪ್ರೊಟೀನನ್ನು ಒಡೆದುಹೋಗುವಂತೆ ಗುರುತು ಹಾಕುತ್ತಲೇ ಇರುತ್ತಾನೆ. ಒಂದು ಕಡೆ ತುಂಬುವುದು, ಇನ್ನೊಂದು ಕಡೆ ಸೋರುವುದು. ಈ ಸೋರಿಕೆಯಿಂದಲೇ ತಾಸುಗಟ್ಟಲೆ ವಿಳಂಬವಾಗುತ್ತದೆ. ಟೈಮ್‌ಲೆಸ್ ಜೊತೆ ಸೇರಿಕೊಂಡ ಪಿರಿಯಡ್ ಮಾತ್ರ ಉಳಿಯುತ್ತದೆ. ರಾತ್ರಿ ಕಳೆಯುತ್ತಿದ್ದಂತೆ ಇವೆರಡೂ ಜೋಡಿಯಾಗಿ ಜೀವಕೋಶದ ಕೇಂದ್ರದೊಳಗೆ ಹೋಗಿ, ಕ್ಲಾಕ್ ಮತ್ತು ಸೈಕಲ್‌ನ ಕೈ ಹಿಡಿದು ನಿಲ್ಲಿಸುತ್ತವೆ. ಅಂದರೆ ತನ್ನ ಪುಟವನ್ನು ತಾನೇ ಮುಚ್ಚುತ್ತದೆ! ಚೀಟಿ ನಿಲ್ಲುತ್ತದೆ. ಬೆಳಗಾಗುತ್ತದೆ. ಬೆಳಕು ಬಿದ್ದೊಡನೆ ಕ್ರಿಪ್ಟೋಕ್ರೋಮ್ ಎಂಬ ಪ್ರೊಟೀನು ಎಚ್ಚೆತ್ತು ಟೈಮ್‌ಲೆಸ್ ಒಡೆದುಹೋಗುವಂತೆ ಮಾಡುತ್ತದೆ. ಜೊತೆಗಾರನಿಲ್ಲದ ಪಿರಿಯಡ್ ಕೂಡ ಕರಗುತ್ತದೆ. ಪುಟ ಮತ್ತೆ ತೆರೆಯುತ್ತದೆ. ಇಷ್ಟಕ್ಕೆಲ್ಲ ಒಟ್ಟು ಸುಮಾರು 24 ತಾಸು.

ಇದನ್ನು ಬಿಡಿಸಿ ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರೊಸ್ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಬೆಂಝರ್ 2007ರಲ್ಲೂ ಕೊನೊಪ್ಕ 2015ರಲ್ಲೂ ತೀರಿಹೋಗಿದ್ದರು. ಮೊದಲು ಬಾಗಿಲು ತೆರೆದವರಿಗೆ ಅದನ್ನು ನೋಡುವ ಭಾಗ್ಯ ಇರಲಿಲ್ಲ.

ಆ ಗಡಿಯಾರ ತೆರೆಯುವುದು ತನ್ನ ಎರಡು ಪುಟಗಳನ್ನು ಮಾತ್ರವಲ್ಲ. ನೂರಾರು ಬೇರೆ ಜೀನ್‌ಗಳೂ ಅದರ ಲಯಕ್ಕೆ ತೆರೆದು ಮುಚ್ಚುತ್ತವೆ. ನೊಣದ ಕುಡಿಮೀಸೆಗೆ ವಾಸನೆ ಹೆಚ್ಚು ತಿಳಿಯುವುದು ನಡುರಾತ್ರಿಯಲ್ಲಿ, ಹಗಲಿನಲ್ಲಿ ಕಡಿಮೆ. 1997ರಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಆಶ್ಚರ್ಯವೆನಿಸಿತು. ಪಿರಿಯಡ್ ಪುಟ ತೆರೆದಾಗಲೆಲ್ಲ ಮಿಂಚುಹುಳದಂತೆ ಬೆಳಗುವ ನೊಣಗಳನ್ನು ಸಿದ್ಧಪಡಿಸಿದ ವಿಜ್ಞಾನಿಗಳು, ಅವುಗಳ ಕಾಲು, ರೆಕ್ಕೆ, ಕುಡಿಮೀಸೆಗಳನ್ನು ಬೇರ್ಪಡಿಸಿ ತಟ್ಟೆಯಲ್ಲಿಟ್ಟರು. ಮೆದುಳಿನ ಸಂಪರ್ಕವೇ ಇಲ್ಲದ ಆ ತುಂಡುಗಳು ಹಗಲು-ರಾತ್ರಿಯ ಲಯದಲ್ಲಿ ಬೆಳಗುತ್ತಾ ಆರುತ್ತಾ ಇದ್ದವು! ಮೈಯಲ್ಲಿ ಇರುವುದು ಒಂದು ಗಡಿಯಾರವಲ್ಲ, ಗಡಿಯಾರಗಳ ಅಂಗಡಿಯೇ ಇದೆ.

ನಮ್ಮ ಮೈಯೂ ಹಾಗೆಯೇ. ಎರಡೂ ಕಣ್ಣುಗಳ ನರಗಳು ಮೆದುಳಿನಲ್ಲಿ ಸಂಧಿಸುವ ಜಾಗದ ಮೇಲೆ ಸುಮಾರು 20 ಸಾವಿರ ನರಕೋಶಗಳ ಒಂದು ಗಂಟಿದೆ. ಅದೇ ಹಿರಿಯ ಗಡಿಯಾರ. ಯಕೃತ್ತು, ಹೃದಯ, ಕರುಳು, ಮೂತ್ರಪಿಂಡಗಳಲ್ಲಿ ಕಿರಿಯ ಗಡಿಯಾರಗಳಿವೆ. ಅವುಗಳಲ್ಲಿ ಕೆಲಸ ಮಾಡುವ ಜೀನ್‌ಗಳು ನೊಣದ ಜೀನ್‌ಗಳ ನೆಂಟರೇ. 2001ರಲ್ಲಿ ಅಮೆರಿಕದ ಒಂದು ಕುಟುಂಬದ ವಿಷಯ ಪ್ರಕಟವಾಯಿತು. ಆ ಮನೆಯ ಹಲವರಿಗೆ ಸಂಜೆ ಏಳೂವರೆಗೇ ತಡೆಯಲಾರದ ನಿದ್ದೆ, ನಸುಕಿನ ನಾಲ್ಕೂವರೆಗೆ ಪೂರ್ತಿ ಎಚ್ಚರ. ಪರೀಕ್ಷಿಸಿದಾಗ ಅವರ ಪಿರಿಯಡ್ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ನೊಣದ ಡಬಲ್‌ಟೈಮ್‌ನಂತಹ ಕೆಲಸಗಾರ ಗುರುತು ಹಾಕುವ ಜಾಗವೇ ಅದು!

ಹಿರಿಯ ಗಡಿಯಾರ ಬೆಳಕನ್ನು ನೋಡಿ ಹೊತ್ತು ಸರಿಪಡಿಸಿಕೊಳ್ಳುತ್ತದೆ. ಕಿರಿಯ ಗಡಿಯಾರಗಳು ಹಿರಿಯನ ಮಾತು ಕೇಳುತ್ತವೆ, ಆದರೆ ಊಟದ ಹೊತ್ತನ್ನೂ ಗಮನಿಸುತ್ತವೆ. ರಾತ್ರಿ ತಿನ್ನುವ ಸ್ವಭಾವದ ಇಲಿಗಳಿಗೆ ಹಗಲಿನಲ್ಲಿ ಮಾತ್ರ ಆಹಾರ ಕೊಟ್ಟಾಗ ಕೆಲವೇ ದಿನಗಳಲ್ಲಿ ಯಕೃತ್ತಿನ ಗಡಿಯಾರ ತಲೆಕೆಳಗಾಯಿತು, ಮೆದುಳಿನದ್ದು ಅಲ್ಲಾಡಲಿಲ್ಲ. ಅಂದರೆ ಒಂದೇ ಮೈಯಲ್ಲಿ ಮೆದುಳಿಗೆ ಹಗಲು, ಯಕೃತ್ತಿಗೆ ರಾತ್ರಿ.

ಇಷ್ಟನ್ನೆಲ್ಲ ಬರೆಯಲು ಕಾರಣ ಆಳಂದ ತಾಲೂಕಿನ ನಿಂಬರ್ಗಾದಿಂದ ಬಂದ ಒಬ್ಬ ತಾಯಿಯ ಪತ್ರ. ಅವರ ಮಗ ಪುಣೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಜೆಯಲ್ಲಿ ಊರಿಗೆ ಬಂದರೆ ರಾತ್ರಿಯಿಡೀ ಎಚ್ಚರ, ಕೈಯಲ್ಲಿ ಮೊಬೈಲು. ಫಜ್ರ್ ಹೊತ್ತಿಗೆ ಮಲಗಿ ಝುಹ್ರ್‌ವರೆಗೆ ಏಳುವುದಿಲ್ಲ. ಬಿಸಿ ರೊಟ್ಟಿ ಮುಂದಿಟ್ಟರೆ ಹಸಿವಿಲ್ಲ ಎನ್ನುತ್ತಾನೆ, ನಡುರಾತ್ರಿ ಎದ್ದು ಡಬ್ಬಿ ಹುಡುಕುತ್ತಾನೆ. ಎದೆಯುರಿ, ಸಿಡುಕು. ಹೆಣ್ಣಿನ ಕಡೆಯವರು ನೋಡಲು ಬಂದಾಗಲೂ ಮಲಗಿಯೇ ಇದ್ದನಂತೆ. "ಸೋಮಾರಿಯಾಗ್ಯಾನ, ದೀನ್ ಬಿಟ್ಟಾನ ಅಂತ ಅವರಪ್ಪ ದಿನಾ ಬೈತಾರ. ಮಗ ತಿರುಗಿ ಮಾತಾಡ್ತಾನ. ಇದು ರೋಗ ಏನು, ಸೋಮಾರಿತನ ಏನು?" ಎಂದು ಆ ಸಹೋದರಿ ಕೇಳಿದ್ದಾರೆ.

ಸಹೋದರಿ, ನಿಮ್ಮ ಮಗ ಸೋಮಾರಿಯಲ್ಲ. ಒಳಗಿನ ಗಡಿಯಾರವನ್ನು ಬೇಕೆಂದಾಗ ತಿರುಗಿಸಲಾಗುವುದಿಲ್ಲ. ಅದು ಸಾಮಾನ್ಯವಾಗಿ ದಿನಕ್ಕೆ ಸುಮಾರು ಒಂದು ತಾಸಿನಷ್ಟು ಮಾತ್ರ ಸರಿಯುತ್ತದೆ. ವಾರವಿಡೀ ರಾತ್ರಿ ಪಾಳಿ ಮಾಡಿ ಇನ್ನೇನು ಅರ್ಧ ಹೊಂದಿಕೊಂಡಿತು ಎನ್ನುವಾಗ ಹಗಲು ಪಾಳಿ ಬರುತ್ತದೆ. ಪಾಳಿ ಬದಲಿಸುವುದೇ ಆದರೆ ಬೆಳಗಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಎಂದು ಮುಂದಕ್ಕೆ ಸರಿಸುವುದು ಮೈಗೆ ಸುಲಭ. ಹಿಂದಕ್ಕೆ ಸರಿಸುವುದು ಕಷ್ಟ. ಮಾಲಕರಿಗೆ ಇದರಿಂದ ಒಂದು ಪೈಸೆಯ ಖರ್ಚಿಲ್ಲ, ಆದರೂ ಎಷ್ಟು ಕಡೆ ಇದನ್ನು ವಿಚಾರಿಸುತ್ತಾರೆ? ಹಸಿವಿಲ್ಲ ಎಂಬ ಅವನ ಮಾತೂ ಸುಳ್ಳಲ್ಲ. ನಿಮ್ಮ ರೊಟ್ಟಿಯ ಹೊತ್ತು ಅವನ ಕರುಳಿಗೆ ನಡುರಾತ್ರಿ.

ಹಾಗೆಂದು ತಂದೆಯ ಸಿಟ್ಟೂ ಪೂರ್ತಿ ತಪ್ಪಲ್ಲ, ಆ ಮೊಬೈಲಿನ ವಿಷಯದಲ್ಲಿ. ರಾತ್ರಿ ಕಣ್ಣಿಗೆ ಬೀಳುವ ಬೆಳಕು ಗಡಿಯಾರವನ್ನು ಹಿಂದಕ್ಕೆ ದೂಡುತ್ತದೆ, ನಿದ್ದೆ ಇನ್ನಷ್ಟು ತಡವಾಗುತ್ತದೆ. ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತರುತ್ತದೆ. ರಜೆಯಲ್ಲಿ ಊರಿಗೆ ಬಂದ ಮೊದಲ ದಿನ ಅವನನ್ನು ಮಲಗಲು ಬಿಡಿ. ಮರುದಿನದಿಂದ ಬೈಯದೆ, ಒಂದೊಂದು ತಾಸು ಬೇಗ ಎಬ್ಬಿಸಿ ಅಂಗಳದ ಬೆಳಕಿಗೆ ಕರೆಯಿರಿ. ತಂದೆಯೇ ಹೊಲಕ್ಕೆ ಜೊತೆಯಲ್ಲಿ ಕರೆದುಕೊಂಡು ಹೋದರೆ ಜಗಳವೂ ಕಡಿಮೆಯಾದೀತು. ಇಶಾ ನಂತರ ಮೊಬೈಲು ಬೇರೆ ಕೋಣೆಯಲ್ಲಿರಲಿ. ಪುಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವಾಗ ಮಾತ್ರ ಇದಕ್ಕೆ ವಿರುದ್ಧ: ಕಿಟಕಿಗೆ ದಪ್ಪ ಪರದೆ ಅಥವಾ ಕಪ್ಪು ಬಟ್ಟೆ ಬೇಕು, ಕೋಣೆಗೆಳೆಯರು ಗದ್ದಲ ಮಾಡಬಾರದು. ರಾತ್ರಿ ಎರಡು ಗಂಟೆಗೆ ಬಿರಿಯಾನಿ ಬೇಡ, ಪಾಳಿಗೆ ಮೊದಲು ಉಂಡು, ನಡುವೆ ಹಗುರವಾಗಿ ಏನಾದರೂ ಸಾಕು. ಪಾಳಿಯ ಕೊನೆಯ ತಾಸುಗಳಲ್ಲಿ ಚಹಾ ಬೇಡ. ತೂಕಡಿಸುತ್ತಾ ಬೈಕ್ ಓಡಿಸುವುದಂತೂ ಬೇಡವೇ ಬೇಡ. ಎದೆಯುರಿ ಬಿಡದಿದ್ದರೆ ವೈದ್ಯರಿಗೆ ತೋರಿಸಲಿ, ಪಾಳಿಯ ವಿಷಯವನ್ನೂ ಅವರಿಗೆ ಹೇಳಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ದೀರ್ಘಕಾಲದ ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲವುಗಳ ಪಟ್ಟಿಯಲ್ಲಿ ಸೇರಿಸಿದೆ. ನಾಲ್ಕಾರು ವರ್ಷ ದುಡಿದವರಿಗೆಲ್ಲ ರೋಗ ಬರುತ್ತದೆಂದು ಇದರರ್ಥವಲ್ಲ, ಹೆದರಬೇಡಿ. ಆದರೆ ಹಗಲಿನ ಕೆಲಸ ಸಿಗುವ ಅವಕಾಶ ಬಂದರೆ ಸಂಬಳ ತುಸು ಕಡಿಮೆಯಾದರೂ ಯೋಚಿಸಬಹುದು.

ಈ ವಿಷಯದಲ್ಲಿ ನಮ್ಮ ದೀನ್ ಕೊಟ್ಟ ದಿನಚರಿಯನ್ನು ಓದುಗರು ಆಗಲೇ ನೆನಪಿಸಿಕೊಂಡಿರಬಹುದು. ರಾತ್ರಿಯನ್ನು ವಿಶ್ರಾಂತಿಗೆ, ಹಗಲನ್ನು ದುಡಿಮೆಗೆ ಇಟ್ಟಿರುವುದನ್ನು ಕುರ್‌ಆನ್ ಸೃಷ್ಟಿಕರ್ತನ ಅನುಗ್ರಹವಾಗಿ ಹಲವೆಡೆ ನೆನಪಿಸುತ್ತದೆ. ಇಶಾಕ್ಕೆ ಮೊದಲು ನಿದ್ರಿಸುವುದನ್ನೂ ಇಶಾ ನಂತರ ಹರಟೆಯಲ್ಲಿ ಕೂರುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ಮಧ್ಯಾಹ್ನದ ಕೈಲೂಲ, ಅಂದರೆ ಕಿರು ನಿದ್ದೆ ಸುನ್ನತ್ತಿನಲ್ಲಿದೆ. ನೊಣಕ್ಕೂ ಅದು ಇದೆ! ಬೆಳಗ್ಗೆ ಮತ್ತು ಸಂಜೆ ಚುರುಕಾಗಿರುವ ಅದು ನಡುಹಗಲಿನಲ್ಲಿ ಸುಮ್ಮನೆ ಕೂರುತ್ತದೆ. ಸೆಕೆ ಹೆಚ್ಚಾದಷ್ಟೂ ಆ ವಿಶ್ರಾಂತಿ ದೀರ್ಘವಾಗುತ್ತದೆ, ಅದರ ಪಿರಿಯಡ್ ಜೀನ್‌ನ ಚೀಟಿಯೇ ಬಿಸಿಗೆ ತಕ್ಕಂತೆ ಬೇರೆಯಾಗಿ ಸಿದ್ಧವಾಗುತ್ತದೆ.

ಆದರೆ ಒಂದು ಮಾತು. 2015ರಲ್ಲಿ ಸಚ್ಚಿದಾನಂದ ಪಾಂಡಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ದಿನಕ್ಕೆ 12 ತಾಸು ಮಾತ್ರ ಆಹಾರ ಸಿಗುತ್ತಿದ್ದ ನೊಣಗಳ ಹೃದಯ ಮುಪ್ಪಿನಲ್ಲೂ ಚೆನ್ನಾಗಿತ್ತು. ಇದನ್ನೇ ಹಿಡಿದು ಉಪವಾಸದ ಲಾಭ ವಿಜ್ಞಾನದಿಂದ ಸಾಬೀತು ಎಂದು ಮೊಬೈಲಿನಲ್ಲಿ ಹಂಚುವವರಿದ್ದಾರೆ. ಆ ನೊಣಗಳು ತಿಂದದ್ದು ಹಗಲಿನಲ್ಲಿ, ರಾತ್ರಿ ಖಾಲಿ ಹೊಟ್ಟೆ. ನಮ್ಮ ರಂಝಾನ್ ಇದಕ್ಕೆ ತಿರುವುಮುರುವು. ನಾವು ಉಪವಾಸ ಹಿಡಿಯುವುದು ಅಲ್ಲಾಹನ ಆಜ್ಞೆಯೆಂದು, ಅದಕ್ಕೆ ನೊಣದ ಸರ್ಟಿಫಿಕೇಟು ಬೇಕಾಗಿಲ್ಲ. ಬದಲಿಗೆ ರಂಝಾನ್‌ನಲ್ಲಿ ತರಾವೀಹ್ ಮುಗಿದ ಮೇಲೆ ಸಹರಿಯವರೆಗೆ ಬಜಾರಿನಲ್ಲಿ ಕಬಾಬಿನ ಮುಂದೆ ಕೂರುವ ಯುವಕರು, ಮತ್ತು ಅವರಿಗಾಗಿ ನಡುರಾತ್ರಿಯೂ ಒಲೆಯ ಮುಂದೆ ನಿಲ್ಲುವ ತಾಯಂದಿರು, ತಮ್ಮ ನಿದ್ದೆಯ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಮಾತ್ರೆ ಸೇವಿಸುವ ಹಿರಿಯರಿದ್ದರೆ ಅವರಿಗೂ ಗಡಿಯಾರದ ಸಂಬಂಧವಿದೆ. ನಮ್ಮ ಯಕೃತ್ತು ಕೊಲೆಸ್ಟರಾಲನ್ನು ಹೆಚ್ಚಾಗಿ ತಯಾರಿಸುವುದು ರಾತ್ರಿಯಲ್ಲಿ. ಆದ್ದರಿಂದಲೇ ಸಿಮ್ವಾಸ್ಟಾಟಿನ್‌ನಂತಹ, ಬೇಗ ಶಕ್ತಿ ಕಳೆದುಕೊಳ್ಳುವ ಮಾತ್ರೆಯನ್ನು ರಾತ್ರಿ ತೆಗೆದುಕೊಳ್ಳಲು ಹೇಳುತ್ತಾರೆ. ಹೆಚ್ಚು ಹೊತ್ತು ಉಳಿಯುವ ಬೇರೆ ಮಾತ್ರೆಗಳಿಗೆ ಆ ನಿಯಮವಿಲ್ಲ. ಹಾಗಾಗಿ ಇದನ್ನು ಓದಿ ನೀವೇ ಹೊತ್ತು ಬದಲಿಸಬೇಡಿ. ರಂಝಾನ್ ಬರುವ ಒಂದೆರಡು ತಿಂಗಳು ಮೊದಲೇ, ಮುಖ್ಯವಾಗಿ ಸಕ್ಕರೆ ಕಾಯಿಲೆಯವರು, ತಾವು ಸೇವಿಸುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ, ಸಹರಿಗೆ ಯಾವುದು, ಇಫ್ತಾರಿಗೆ ಯಾವುದು, ಎಷ್ಟು ಎಂದು ಬರೆಸಿಕೊಂಡು ಬನ್ನಿ.